ಹೊಗೆ ಕುಡಿದ ಹಕ್ಕಿಯ ಬಾಯಿಗೆ ನೀರು ಬಿಡಬೇಡಿ

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿರಬಹುದು. ಬೆಂಕಿ ಬಿದ್ದರೆ ಹಕ್ಕಿಗಳು ಹಾರಿ ಪಾರಾಗುತ್ತವೆ ಎಂದು ನಂಬಿದವರೇ ಹೆಚ್ಚು. ಹೊಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳಿವೆ. ಉಸಿರು ಎಳೆದುಕೊಂಡಾಗಲೂ ಬಿಟ್ಟಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿಯೇ ಹರಿಯುತ್ತದೆ. ಹಾರಾಟಕ್ಕೆ ಬೇಕಾದ ಆಮ್ಲಜನಕದ ಜೊತೆಗೇ ವಿಷಾನಿಲ, ಮಸಿಯ ಕಣಗಳೂ ಬೇಗ ಒಳಸೇರುತ್ತವೆ. ಹಿಂದೆ ಕಲ್ಲಿದ್ದಲು ಗಣಿಗೆ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದುದೂ ಇದಕ್ಕೇ. ಬೆಂಕಿಯಂಚಿನಲ್ಲಿ ಕಾಜಾಣಗಳು ಹುಳ ಹಿಡಿಯುವುದನ್ನು ಕಂಡು ಹಕ್ಕಿಗಳಿಗೆ ಏನೂ ಆಗದೆಂದು ತೀರ್ಮಾನಿಸಬೇಡಿ.

ಮೊದಲು ದೂರದಿಂದ ನೋಡಿ. ಬಿಸಿಲಿಗೂ ಹಕ್ಕಿಗಳು ಕೊಕ್ಕು ತೆರೆಯುತ್ತವೆ. ನೆರಳಲ್ಲಿದ್ದೂ ಕೊಕ್ಕು ತೆರೆದು, ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿದ್ದು, ನೀವು ಹತ್ತಿರ ಹೋದರೂ ಹಾರದಿದ್ದರೆ ಅದಕ್ಕೆ ನೆರವು ಬೇಕು. ಉರಿಯುವ ಕಾಡಿನೊಳಕ್ಕೆ ಮಾತ್ರ ಹೆಜ್ಜೆ ಇಡಬೇಡಿ.

ಹತ್ತಿಬಟ್ಟೆ ಹೊದಿಸಿ, ರೆಕ್ಕೆಗಳು ಮೈಗೆ ಸೇರುವಂತೆ ಹಗುರವಾಗಿ ಎತ್ತಿಕೊಳ್ಳಿ. ಎದೆ ಹಿಸುಕಬೇಡಿ. ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ಎದೆಗೂಡು ಆಡಿದರೇ ಉಸಿರು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹೊಗೆಯಿಲ್ಲದ ಕಡೆ ಕತ್ತಲಲ್ಲಿ ಬಿಡಿ. ಒಲೆ ಉರಿಯುವ ಅಡುಗೆಮನೆ ಬೇಡ.

ಎಲ್ಲರೂ ತಪ್ಪುವುದು ಇದರ ಮುಂದಿನ ಹಂತದಲ್ಲಿ. ಕಾಡಂಚಿನ ಊರೊಂದರಲ್ಲಿ ಹುಡುಗನೊಬ್ಬ ಪಿಕಳಾರವನ್ನು ಅಂಗೈಯಲ್ಲಿಟ್ಟುಕೊಂಡು ಬಂದ. ಪಾಪ, ಬಾಯಾರಿದೆಯೆಂದು ಬಾಟಲಿ ಮುಚ್ಚಳದಲ್ಲಿ ನೀರು ಹಿಡಿದು, ಕೊಕ್ಕು ಬಿಡಿಸಿ ಸುರಿದ. ಮೂಗಿನ ತೂತಿನಲ್ಲಿ ಒಂದು ಗುಳ್ಳೆ ಬಂತು. ಕತ್ತು ಹಿಂದಕ್ಕೆ ಬಾಗಿತು, ಅಷ್ಟೇ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಏದುಸಿರು ಬಿಡುವ ಹಕ್ಕಿಗೆ ಸುರಿದ ನೀರು ಹೊಟ್ಟೆಗಲ್ಲ, ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಡ್ರಾಪರ್ ಬೇಡ, ಹತ್ತಿಯಿಂದ ಹಿಂಡುವುದೂ ಬೇಡ, ಗ್ಲೂಕೋಸ್, ಹಾಲು, ಗಂಜಿ ಯಾವುದೂ ಬೇಡ. ಕೈ ಕಟ್ಟಿಕೊಂಡು ಕೂರುವುದು ಕಷ್ಟ, ನನಗೆ ಗೊತ್ತು. ಆದರೂ ಕೂರಿ.

ತಡಮಾಡದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಪಶುವೈದ್ಯರಿಗೆ ತಿಳಿಸಿ. ಚೇತರಿಸಿಕೊಂಡಂತೆ ಕಂಡರೂ ನೀವಾಗಿ ಹಾರಿಬಿಡಬೇಡಿ, ಸಾಕಿಕೊಳ್ಳಲೂ ಬೇಡಿ. 1972ರ ವನ್ಯಜೀವಿ ಕಾಯ್ದೆ ಸಾಕುವುದಕ್ಕೆ ಒಪ್ಪುವುದಿಲ್ಲ. ಹೊಗೆ ಕವಿದಷ್ಟು ದಿನ ತರಗೆಲೆ ಸುಡಬೇಡಿ. ಹಾರಾಡುವ ಹಕ್ಕಿಗಳಿಗೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆದು ಬದಲಿಸಿ.