ವಿಂಚ್ ಕೊಳ್ಳುವ ಮೊದಲು ಆರ್‌ಸಿ ತೆಗೆದು ನೋಡಿ

ಮಳೆಗಾಲ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆ. ಮೈಲೇಜು, ಕ್ಲಚ್ಚು ಎಲ್ಲ ಪಕ್ಕಕ್ಕೆ ಸರಿದು ಕೆಸರಿನ ಮಾತೇ ಮಾತು. ಈ ಸಲ ಬೆಂಗಳೂರಿನ ಪಶ್ಚಿಮ ಭಾಗದವರು ಬರೆದ, ಹೂತ ಗಾಡಿಯನ್ನು ಹಗ್ಗದಿಂದ ಎಳೆದು ತೆಗೆಯುವ ವಿಂಚಿಗೆ ಸಂಬಂಧಿಸಿದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನದು ಡೀಸೆಲ್ ಥಾರ್. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಒಬ್ಬರು 9,500 ಪೌಂಡಿನ ವಿಂಚ್ ಸಾಕು ಎಂದರು. ಪಕ್ಕದ ಅಂಗಡಿಯವರು, ‘12,000 ಹಾಕಿಸಿಬಿಡಿ ಸಾರ್, ಒಂದೇ ಸಲ ಖರ್ಚು’ ಎಂದರು. ಯಾರ ಮಾತು ಕೇಳಲಿ?
– ವಿಜಯನಗರದ ಓದುಗರು

ಉತ್ತರ: ಇಬ್ಬರನ್ನೂ ಬಿಡಿ, ಆರ್‌ಸಿ ಕಾರ್ಡ್ ತೆಗೆಯಿರಿ. ಅದರಲ್ಲಿ ಖಾಲಿ ಗಾಡಿಯ ತೂಕ, ಜನ-ಸಾಮಾನು ತುಂಬಿದ ಗಾಡಿಯ ತೂಕ ಎರಡೂ ಇರುತ್ತವೆ. ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವ ಶಕ್ತಿ ವಿಂಚಿಗೆ ಇರಬೇಕು. ತುಂಬಿದ ತೂಕ 2,300 ಕೆ.ಜಿ. ಎಂದಿಟ್ಟುಕೊಳ್ಳಿ. ಒಂದೂವರೆ ಪಟ್ಟು ಅಂದರೆ 3,450 ಕೆ.ಜಿ., ಅಂದಾಜು 7,600 ಪೌಂಡ್. ಹಾಗಾಗಿ 8,000 ಸಾಕಾಗುತ್ತದೆ, 9,500 ಧಾರಾಳ.

ಈ ಒಂದೂವರೆ ಪಟ್ಟಿನ ಲೆಕ್ಕಕ್ಕೆ ಕಾರಣವಿದೆ. ಮಿಲಿಟರಿ ಗಾಡಿಗಳನ್ನು ಎಳೆದು ತೆಗೆಯುವವರು ಹಿಂದಿನಿಂದ ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಎರಡು ಪಟ್ಟು, ಅದಕ್ಕೂ ಮೇಲೆ ಹೋದರೆ ಮೂರು ಪಟ್ಟು. ನಮ್ಮ ಕಡೆಯ ಕೆರೆ ಅಂಗಳದ ಹೂಳಿನಲ್ಲಿ ಗಾಡಿ ಇಳಿಸಿದವರಿಗೆ ಎರಡು ಪಟ್ಟೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯವರು ಬಾಯಿ ಬಿಡದ ವಿಷಯ ಇನ್ನೊಂದಿದೆ. ಪೆಟ್ಟಿಗೆಯ ಮೇಲೆ ಬರೆದ 9,500 ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಾಗ ಮಾತ್ರ. ಪದರ ಏರಿದ ಹಾಗೆ ಶಕ್ತಿ ಇಳಿಯುತ್ತದೆ, ನಾಲ್ಕನೆಯ ಪದರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕೈತಪ್ಪಿರುತ್ತದೆ. ಹತ್ತಡಿ ದೂರದ ಮರಕ್ಕೆ ಕಟ್ಟಿ ‘ವಿಂಚ್ ಎಳೀತಾನೇ ಇಲ್ಲ’ ಎಂದು ಬೈಯುವವರು ಇದನ್ನು ಮರೆತಿರುತ್ತಾರೆ. ಹಗ್ಗವನ್ನು ಆದಷ್ಟು ಹೊರಗೆಳೆದು ದೂರದ ಆಸರೆಗೆ ಕಟ್ಟಿ. ಆದರೆ ಪೂರ್ತಿ ಬಿಚ್ಚಬೇಡಿ. ಡ್ರಮ್ಮಿನ ಮೇಲೆ ಉಕ್ಕಿನ ಹಗ್ಗವಾದರೆ ಐದು ಸುತ್ತು, ಸಿಂಥೆಟಿಕ್ ಆದರೆ ಹತ್ತು ಸುತ್ತು ಉಳಿದಿರಲೇಬೇಕು.

12,000ಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಒಂದು ಒಳ್ಳೆಯ ರಾಟೆಗೆ ಹಾಕಿ. ಅಂಗಡಿಯಲ್ಲಿ ಸ್ನ್ಯಾಚ್ ಬ್ಲಾಕ್ ಎಂದು ಕೇಳಿ. ಹಗ್ಗ ಮರದ ಬುಡದ ರಾಟೆ ಸುತ್ತಿ ವಾಪಸ್ ಬಂದು ನಿಮ್ಮ ಗಾಡಿಗೇ ಸಿಕ್ಕಿಕೊಂಡರೆ ಎಳೆತ ಸುಮಾರು ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಹುಷಾರಾಗಿರಬೇಕಾದ್ದು ಇಲ್ಲೇ: ಮರದ ಬುಡಕ್ಕೆ ಸುತ್ತಿದ ಬೆಲ್ಟು, ಅದನ್ನು ಜೋಡಿಸುವ ಶ್ಯಾಕಲ್ಲುಗಳ ಮೇಲೂ ಆ ಎರಡು ಪಟ್ಟು ಭಾರ ಬೀಳುತ್ತದೆ. ಅವುಗಳ ತಾಕತ್ತು ನೋಡಿಯೇ ಕೊಳ್ಳಿ.

ಪ್ರಶ್ನೆ: ನಾನೂ ನನ್ನ ತಂಗಿಯೂ ಜಿಮ್ನಿಯಲ್ಲಿ ಸಕಲೇಶಪುರದ ಕಡೆ ಆಗಾಗ ಹೋಗುತ್ತೇವೆ. ಉಕ್ಕಿನ ಹಗ್ಗ ಒಳ್ಳೆಯದೋ, ಸಿಂಥೆಟಿಕ್ಕೋ? ಸಿಂಥೆಟಿಕ್ ತುಂಡಾದರೂ ಹೊಡೆಯುವುದಿಲ್ಲವಂತೆ, ನಿಜವೇ?
– ಬಸವೇಶ್ವರನಗರದ ಓದುಗರು

ಉತ್ತರ: ನಿಮ್ಮ ಗಾಡಿಗೆ ಕಣ್ಣು ಮುಚ್ಚಿಕೊಂಡು ಸಿಂಥೆಟಿಕ್ ಹಾಕಿಸಿ. ಜಿಮ್ನಿಯ ತುಂಬಿದ ತೂಕವೇ 1,545 ಕೆ.ಜಿ. ಅಂಥ ಹಗುರ ಗಾಡಿಯ ಮೂಗಿನ ಮೇಲೆ ಉಕ್ಕಿನ ಹಗ್ಗದ ದೊಡ್ಡ ವಿಂಚ್ ಕೂರಿಸಿದರೆ ಸುಮಾರು ನಲವತ್ತು ಕೆ.ಜಿ. ಹೊರಿಸಿದಂತಾಯಿತು. ಮುಂದಿನ ಸ್ಪ್ರಿಂಗು ಕುಸಿದು ಸ್ಟಿಯರಿಂಗ್ ಭಾರವಾಗುತ್ತದೆ. ನಿಮಗೆ 6,000 ಪೌಂಡಿನ ಚಿಕ್ಕ ವಿಂಚ್ ಲೆಕ್ಕಕ್ಕೆ ಸರಿಹೋಗುತ್ತದೆ.

‘ಹೊಡೆಯುವುದಿಲ್ಲ’ ಎನ್ನುವುದು ಅರ್ಧ ನಿಜ. ಸಿಂಥೆಟಿಕ್ ಹಗ್ಗ ಹಗುರ, ತುಂಡಾದರೆ ಉಕ್ಕಿನಷ್ಟು ರಭಸದಿಂದ ಚಿಮ್ಮುವುದಿಲ್ಲ. ಆದರೆ ಅದರ ತುದಿಯ ಕಬ್ಬಿಣದ ಹುಕ್ಕು, ಶ್ಯಾಕಲ್ಲು ಗುಂಡಿನ ಹಾಗೆ ಹಾರುತ್ತವೆ. ಉಕ್ಕಿನ ಹಗ್ಗದ ರಗಳೆ ಇನ್ನೊಂದು ಬಗೆಯದು. ಕಡಿದ ಎಳೆಗಳು ಸೂಜಿಯಂತೆ ಎದ್ದು ನಿಂತು ಅಂಗೈ ಸೀಳುತ್ತವೆ. ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಗ್ಲೌಸ್ ಇದ್ದರೂ ಹಗ್ಗ ಅಂಗೈಯೊಳಗೆ ಜಾರಲು ಬಿಡಬೇಡಿ.

ಸಿಂಥೆಟಿಕ್‌ಗೆ ಬಿಸಿಲು, ಬಂಡೆಯ ಅಂಚು, ಬಿಸಿ ಮೂರೂ ಆಗಿಬರುವುದಿಲ್ಲ. ಕೆಸರಿನ ಮರಳು ಎಳೆಗಳ ನಡುವೆ ಕೂತು ಒಳಗಿಂದೊಳಗೇ ತಿನ್ನುತ್ತದೆ. ಮನೆಗೆ ಬಂದಮೇಲೆ ಹಗ್ಗ ಪೂರ್ತಿ ಬಿಚ್ಚಿ ಬರಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಾಕಿಸುವವರು ಹಗ್ಗ ಹಾದುಬರುವ ಮುಂದಿನ ರೋಲರನ್ನೂ ತೆಗೆಸಿ ನುಣುಪಾದ ಅಲ್ಯೂಮಿನಿಯಂ ಬಾಯಿ ಹಾಕಿಸಿಕೊಳ್ಳಲಿ. ಉಕ್ಕು ಗೀರಿದ ರೋಲರ್ ಸಿಂಥೆಟಿಕ್ ಹಗ್ಗವನ್ನು ಗರಗಸದಂತೆ ತಿನ್ನುತ್ತದೆ.

ಪ್ರಶ್ನೆ: ಒಂದು ಸಲ ಎಳೆದದ್ದಕ್ಕೇ ಬ್ಯಾಟರಿ ಕೂತುಬಿಟ್ಟಿತು. ವಿಂಚ್ ಕಳಪೆಯೇ?
– ನಾಗರಭಾವಿಯ ಓದುಗರು

ಉತ್ತರ: ಎಂಜಿನ್ ಆಫ್ ಮಾಡಿ ಎಳೆದಿರಬೇಕು. ಪೂರ್ತಿ ಭಾರದಲ್ಲಿ ವಿಂಚ್ 400 ಆಂಪಿಯರ್‌ವರೆಗೂ ಹೀರುತ್ತದೆ, ಯಾವ ಕಾರಿನ ಬ್ಯಾಟರಿಯೂ ಅದಕ್ಕೆ ಹೆಚ್ಚು ಹೊತ್ತು ತಡೆಯದು. ಎಂಜಿನ್ ಓಡುತ್ತಿರಲಿ, ಒಂದು ನಿಮಿಷ ಎಳೆದು ನಿಲ್ಲಿಸಿ, ಮೋಟರ್ ತಣ್ಣಗಾಗಲಿ. ಅರ್ತ್ ವೈರನ್ನು ಗಾಡಿಯ ಮೈಗೆ ಕೊಟ್ಟಿದ್ದರೆ ನೇರ ಬ್ಯಾಟರಿಗೆ ಕೊಡಿಸಿ.

ಪ್ರಶ್ನೆ: ಮಗ ಮತ್ತು ಅವನ ಸ್ನೇಹಿತರು ಭಾನುವಾರ ಬಂತೆಂದರೆ ಜೀಪ್ ತೆಗೆದುಕೊಂಡು ಮಂಚನಬೆಲೆ, ಮಾಗಡಿ ಕಡೆ ಹೊರಡುತ್ತಾರೆ. ಮೊನ್ನೆ ವಿಡಿಯೊ ತೋರಿಸಿದ. ಬಿಗಿದ ವೈರಿನ ಪಕ್ಕದಲ್ಲೇ ಇಬ್ಬರು ನಿಂತಿದ್ದಾರೆ, ಒಬ್ಬ ಅದನ್ನು ದಾಟಿ ಓಡಾಡುತ್ತಿದ್ದಾನೆ. ನೋಡಿ ಎದೆ ಝಲ್ಲೆಂದಿತು. ನನಗೆ ಗೊತ್ತಿಲ್ಲದೆ ಹೆದರುತ್ತಿದ್ದೇನೆಯೇ?
– ಕೆಂಗೇರಿ ಉಪನಗರದ ಓದುಗರು

ಉತ್ತರ: ಇಲ್ಲ ಸ್ವಾಮಿ, ನಿಮ್ಮ ಭಯ ನ್ಯಾಯವಾದದ್ದೇ. ಈ ಉತ್ತರವನ್ನು ಮಗನಿಗೇ ಓದಲು ಕೊಡಿ.

ಬಿಗಿದ ಹಗ್ಗವನ್ನು ದಾಟುವುದು, ಮುಟ್ಟುವುದು ಯಾವ ಕಾರಣಕ್ಕೂ ಇಲ್ಲ. ಹೊರಗೆ ಬಿಟ್ಟ ಹಗ್ಗ ಎಷ್ಟುದ್ದವೋ ಅದರ ಒಂದೂವರೆ ಪಟ್ಟು ದೂರದಲ್ಲಿ ಜನ ನಿಲ್ಲಬೇಕು. ರಾಟೆ ಹಾಕಿ ಹಗ್ಗ ತಿರುಗಿಸಿದ್ದರೆ ಅದರ ಒಳಮೂಲೆಗೆ ಯಾರೂ ಕಾಲಿಡಬಾರದು. ರಾಟೆ ಕಳಚಿದರೆ ಹಗ್ಗ ಹೊಡೆಯುವುದು ಆ ಕಡೆಗೇ. ಹಗ್ಗದ ಮಧ್ಯಕ್ಕೆ ಭಾರದ ಡ್ಯಾಂಪರ್ ಹಾಕಿ. ಇಲ್ಲದಿದ್ದರೆ ಒದ್ದೆ ಗೋಣಿಚೀಲವೋ ದಪ್ಪ ಕಂಬಳಿಯೋ ಆದೀತು. ಬಾನೆಟ್ ಎತ್ತಿಟ್ಟರೆ ಗಾಜಿಗೆ ಸ್ವಲ್ಪ ಮರೆ. ಸನ್ನೆ ಮಾಡುವವನು ಒಬ್ಬನೇ ಇರಲಿ. ನಾಲ್ಕು ಜನ ನಾಲ್ಕು ಕಡೆಯಿಂದ ‘ಎಳಿ, ಎಳಿ’ ಎಂದು ಕೂಗುವ ಕಡೆಯೇ ಅನಾಹುತ ಆಗುವುದು.

ಎಲ್ಲಿಗೆ ಸಿಕ್ಕಿಸಿದ್ದಾರೆ ಎಂಬುದನ್ನೂ ವಿಡಿಯೊದಲ್ಲಿ ನೋಡಿ. ಟ್ರೇಲರ್ ಕಟ್ಟುವ ಗುಂಡು ಬಾಲ್ ಇರುತ್ತದಲ್ಲ, ಅದಕ್ಕೆ ಎಂದೂ ಸಿಕ್ಕಿಸಬಾರದು. ಅದು ಕಿತ್ತು ಹಾರಿ ಜನ ಸತ್ತ ಪ್ರಕರಣಗಳು ಆಸ್ಟ್ರೇಲಿಯಾದಲ್ಲಿ ದಾಖಲಾಗಿವೆ. ಚಾಸಿಗೆ ಬೋಲ್ಟ್ ಆದ, ಎಳೆಯಲೆಂದೇ ಕೊಟ್ಟ ಹುಕ್ಕಷ್ಟೇ ಸೈ. ಕಾರ್ಖಾನೆಯಲ್ಲಿ ಗಾಡಿಯನ್ನು ಲಾರಿಗೆ ಬಿಗಿಯಲು ಬಿಟ್ಟ ತೆಳು ಬಳೆಯೂ ಹುಕ್ಕಿನಂತೆಯೇ ಕಾಣುತ್ತದೆ, ಮೋಸಹೋಗಬಾರದು.

ಮರಕ್ಕೆ ವೈರ್ ಸುತ್ತಬಾರದು. ತೊಗಟೆ ಸುತ್ತಲೂ ಸೀಳಿದರೆ ಮರವೇ ಒಣಗುತ್ತದೆ. ಅಗಲದ ಬೆಲ್ಟ್ ಹಾಕಿ, ಅದೂ ನೆಲಕ್ಕೆ ಹತ್ತಿರ. ಹೊಲದ ಬದುವಿನ ತೆಳು ನೀಲಗಿರಿಯನ್ನು ನಂಬಬೇಡಿ. ಹಗ್ಗದ ಹುಕ್ಕನ್ನು ಅದೇ ಹಗ್ಗಕ್ಕೆ ಸಿಕ್ಕಿಸುವುದಂತೂ ಬೇಡವೇ ಬೇಡ. ಇನ್ನೊಂದು ಗಾಡಿಯಿಂದ ಜಗ್ಗಲು ಬಳಸುವ ಹಿಗ್ಗುವ ಹಗ್ಗವನ್ನು ವಿಂಚಿಗೆ ಸೇರಿಸಿದರೆ ದೊಡ್ಡ ಕವಣೆ ಎಳೆದು ಹಿಡಿದಂತೆಯೇ ಸರಿ.

ನಿಜ ಹೇಳಬೇಕೆಂದರೆ ಇವರು ವಿಂಚ್ ಬಿಚ್ಚುವ ಹೆಚ್ಚಿನ ಸಂದರ್ಭಗಳಲ್ಲಿ ಸಲಿಕೆ ಸಾಕು. ಟೈರಿನ ಗಾಳಿ 18-20 ಪಿಎಸ್‌ಐಗೆ ಇಳಿಸಿ, ಚಕ್ರದ ಸುತ್ತಲಿನ ಮಣ್ಣು ತೆಗೆದು, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದರೆ ಗಾಡಿ ಎದ್ದು ಬರುತ್ತದೆ. ಆದರೆ ಸಲಿಕೆ ಹಿಡಿದ ವಿಡಿಯೊಗೆ ಲೈಕ್ ಬೀಳುವುದಿಲ್ಲ! ಇನ್ನು, ಸಾವನದುರ್ಗದ ಸುತ್ತಲಿನದು ಅರಣ್ಯ ಇಲಾಖೆಯ ಕಾಡು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವುದೇ ಅಪರಾಧ, ವಿಂಚಿನ ಮಾತು ಆಮೇಲಿನದು.

ಪ್ರಶ್ನೆ: ಉಕ್ಕಿನ ಬಂಪರ್ ಹಾಕಿಸಿ ವಿಂಚ್ ಕೂರಿಸಿದರೆ ಆರ್‌ಟಿಒದವರು ಹಿಡಿಯುತ್ತಾರೆಯೇ?
– ರಾಜಾಜಿನಗರದ ಓದುಗರು

ಉತ್ತರ: ಹಿಡಿದರೆ ವಾದ ಮಾಡಲು ನಿಮ್ಮ ಬಳಿ ಏನೂ ಇರುವುದಿಲ್ಲ. ಗಾಡಿಗಳ ಮುಂದೆ ಹಾಕುವ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡಕ್ಕಿಂತ ನನಗೆ ಚಿಂತೆ ಏರ್‌ಬ್ಯಾಗಿನದು. ಮುಂಭಾಗ ನುಜ್ಜುಗುಜ್ಜಾಗುವ ರೀತಿಯ ಮೇಲೆ ಅದರ ಲೆಕ್ಕಾಚಾರ ನಿಂತಿದೆ. ಬಗ್ಗದ ಉಕ್ಕು ಹಾಕಿದರೆ ಆ ಲೆಕ್ಕ ಕೆಡುತ್ತದೆ. ಮಾಗಡಿ ರೋಡಿನಲ್ಲಿ ಅಡ್ಡ ಬರುವ ಪಾದಚಾರಿಗೂ ಅದು ಪ್ಲಾಸ್ಟಿಕ್ ಬಂಪರಿನಷ್ಟು ಮೆತ್ತಗಿರುವುದಿಲ್ಲ. ಗಾಡಿಯನ್ನು ನಿತ್ಯ ಆಫೀಸಿಗೆ ಓಡಿಸುವವರಾದರೆ ವಿಂಚ್ ಬಿಡಿ; ಕೈಯಿಂದ ಎಳೆಯುವ ಸನ್ನೆ ವಿಂಚ್ ಒಂದನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ನಿಧಾನ, ಬೆವರು ಹರಿಸುತ್ತದೆ, ಆದರೆ ಯಾವ ಕಾನೂನನ್ನೂ ಮುಟ್ಟುವುದಿಲ್ಲ.

ಪ್ರಶ್ನೆ: ಮಾಗಡಿ ಹತ್ತಿರ ತೋಟವಿದೆ. ಬೋರ್‌ವೆಲ್ ಮೋಟರ್ ಕೆಟ್ಟಾಗಲೆಲ್ಲ ಎತ್ತುವವರಿಗೆ ಕಾಯಬೇಕು. ಜೀಪಿನ ವಿಂಚಿನಿಂದ ನಾವೇ ಎತ್ತಬಹುದಲ್ಲವೇ?
– ಕಾಮಾಕ್ಷಿಪಾಳ್ಯದ ಓದುಗರು

ಉತ್ತರ: ಬೇಡ. ಗಾಡಿಯ ವಿಂಚ್ ನೆಲದ ಮೇಲೆ ಎಳೆಯಲು ಮಾಡಿದ್ದು, ತೂಗುಹಾಕಿ ಎತ್ತಲು ಅಲ್ಲ. ಹೆಚ್ಚಿನ ವಿಂಚುಗಳಲ್ಲಿ ಬ್ರೇಕು ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಹೊತ್ತು ಕೆಳಗಿಳಿಸುವಾಗ ಅದು ಕಾಯ್ದು ಹಿಡಿತ ಬಿಡಬಹುದು, ಸಿಂಥೆಟಿಕ್ ಹಗ್ಗವಾದರೆ ಸುಟ್ಟು ಹೋಗಬಹುದು. ನೂರಾರು ಅಡಿ ಪೈಪಿನ ಸಮೇತ ಮೋಟರ್ ಜಾರಿ ಕೊಳವೆಯ ತಳ ಸೇರಿದರೆ ನಿಮ್ಮ ಬೋರ್‌ವೆಲ್ಲೇ ಹೋಯಿತು. ಬಾವಿಗೆ ಆಳನ್ನು ಇಳಿಸಲು ಇದನ್ನು ಬಳಸುವ ಯೋಚನೆಯನ್ನಂತೂ ಮಾಡಲೇಬೇಡಿ. ಮೋಟರ್ ಎತ್ತುವ ಗಾಡಿಯವರಿಗೇ ಹಿಂದಿನ ದಿನ ಫೋನ್ ಮಾಡಿ ಹೇಳಿಡಿ. ಅದೇ ತೋಟದಲ್ಲಿ ಬಿದ್ದ ತೆಂಗಿನ ಮರವನ್ನು ದಾರಿಯಿಂದ ಪಕ್ಕಕ್ಕೆ ಎಳೆಯಲು ಮಾತ್ರ ವಿಂಚ್ ಧಾರಾಳವಾಗಿ ಬಳಸಿ.