ಟೈಮ್ ಕ್ರೈಸಿಸ್: ಬಂದೂಕಿಗಿಂತ ಪೆಡಲ್ ಮುಖ್ಯ

ಈ ಪಾಠ ಹೇಳುವ ಅರ್ಹತೆ ನನಗೆ ಬಂದದ್ದು 780 ರೂಪಾಯಿ ಕಳೆದುಕೊಂಡ ಮೇಲೆ. ಅದರಲ್ಲಿ 280 ರೂಪಾಯಿ ನನ್ನದಲ್ಲ, ನನ್ನ ತಂಗಿಯದು. ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕವನ್ನು ಮೊದಲೇ ಸರಿಯಾಗಿ ಒಪ್ಪಿಸಿಬಿಡುತ್ತೇನೆ.

ಕಳೆದ ರಂಜಾನ್ ಹಬ್ಬದ ಮೂರನೇ ದಿನ ನಾವು ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿನ ಮಾಮು ಮನೆಗೆ ಹೋಗಿದ್ದೆವು. ಸಂಜೆ ಮಾಮು ನಮ್ಮಿಬ್ಬರನ್ನು ಒಂದು ಮಾಲ್‌ಗೆ ಕರೆದುಕೊಂಡು ಹೋಗಿ, ಒಂದು ಗಂಟೆ ಆಡಿಕೊಳ್ಳಿ ಎಂದು ಗೇಮ್ ಝೋನ್‌ನಲ್ಲಿ ಬಿಟ್ಟರು. ನನ್ನ ಈದಿ 500, ತಂಗಿಯ ಈದಿ 300, ಎರಡನ್ನೂ ಸೇರಿಸಿ ಒಂದೇ ಕಾರ್ಡಿಗೆ ಹಾಕಿಸಿದೆ. ಅವಳಿಗೆ ಹನ್ನೊಂದು ವರ್ಷ. ಅವಳು ಕೇಳಿದ್ದು ಡ್ಯಾಶಿಂಗ್ ಕಾರ್ ಒಂದನ್ನೇ. "ಒಂದೇ ಒಂದು ಆಟ ಆಡಿ ಬರ್ತೀನಿ, ಇಲ್ಲೇ ನಿಂತಿರು" ಅಂದೆ.

ಆ ಆಟದ ಹೆಸರು ಟೈಮ್ ಕ್ರೈಸಿಸ್ 2. ಜಪಾನಿನ ನಾಮ್ಕೊ ಕಂಪನಿ ತೊಂಬತ್ತರ ದಶಕದಲ್ಲಿ ಮಾಡಿದ್ದು. ಅಕ್ಕಪಕ್ಕ ಎರಡು ದಪ್ಪ ಟಿವಿಗಳು, ಮುಂದೆ ವೈರ್ ಕಟ್ಟಿದ ಎರಡು ಪಿಸ್ತೂಲುಗಳು, ಕೆಳಗೆ ಕಾಲಿಗೆ ಎರಡು ಪೆಡಲ್‌ಗಳು. ಟ್ರಿಗರ್ ಒತ್ತಿದರೆ ಪಿಸ್ತೂಲಿನ ಮೇಲ್ಭಾಗ ಟಕ್ ಎಂದು ಹಿಂದಕ್ಕೆ ಹೊಡೆಯುತ್ತದೆ, ಕೈ ಜುಮ್ಮೆನ್ನುತ್ತದೆ. ಒಬ್ಬ ದುಷ್ಟ ಶ್ರೀಮಂತ, ಒಂದು ಉಪಗ್ರಹ, ಇಬ್ಬರು ಗೂಢಚಾರರು ಎಂದು ಕಥೆ ಏನೋ ಇದೆ. ಕಥೆಗಾಗಿ ಯಾರೂ ಇದನ್ನು ಆಡುವುದಿಲ್ಲ.

ಒಂದು ಸ್ವೈಪ್‌ಗೆ 60 ರೂಪಾಯಿ. ನಾನು ಪೆಡಲ್ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ. ಎದುರಿಗೆ ಬಂದವರಿಗೆಲ್ಲ ಗುಂಡು ಹೊಡೆಯುತ್ತಾ ಹೋದೆ, ಅವರೂ ನನಗೆ ಹೊಡೆಯುತ್ತಾ ಬಂದರು. ಸತ್ತಾಗಲೆಲ್ಲ ಪರದೆಯ ಮೇಲೆ 9, 8, 7 ಎಂದು ಅಂಕಿ ಇಳಿಯುತ್ತದೆ. ಸೊನ್ನೆ ಆಗುವುದರೊಳಗೆ ಸ್ವೈಪ್ ಮಾಡಿದರೆ ನಿಂತ ಜಾಗದಿಂದಲೇ ಆಟ ಮುಂದುವರಿಯುತ್ತದೆ. ಹದಿಮೂರು ಸ್ವೈಪ್ ಮಾಡಿದೆ. ಎರಡನೇ ಹಂತದ ರೈಲಿನ ತನಕ ಹೋಗುವಷ್ಟರಲ್ಲಿ ಕಾರ್ಡಿನಲ್ಲಿ 20 ರೂಪಾಯಿ ಉಳಿದಿತ್ತು. ಆಡಿದ್ದು ಸುಮಾರು ಇಪ್ಪತ್ತು ನಿಮಿಷ. ನಿಮಿಷಕ್ಕೆ 39 ರೂಪಾಯಿ ಬಿತ್ತು. ತಿರುಗಿ ನೋಡಿದರೆ ತಂಗಿ ಹೇಳಿದ ಜಾಗದಲ್ಲೇ ನಿಂತಿದ್ದಳು.

ಅವಳು ಅಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮಿ, "ಡ್ಯಾಶಿಂಗ್ ಕಾರ್ ಹೇಗಿತ್ತು?" ಎಂದು ಕೇಳಿದರು. "ಚೆನ್ನಾಗಿತ್ತು" ಅಂದಳು. ನನ್ನ ಬಾಯಲ್ಲಿದ್ದ ಬಿರಿಯಾನಿ ಒಳಗೆ ಇಳಿಯಲಿಲ್ಲ.

ಈಗ ಪಾಠಕ್ಕೆ ಬರೋಣ.

ಪೆಡಲ್ ಒತ್ತಿದರೆ ನಿಮ್ಮ ಆಟಗಾರ ಗೋಡೆಯ ಮರೆಯಿಂದ ಹೊರಗೆ ಬರುತ್ತಾನೆ. ಬಿಟ್ಟರೆ ಮರೆಗೆ ಹೋಗುತ್ತಾನೆ, ಗುಂಡುಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಮರೆಯಲ್ಲಿದ್ದಾಗ ಯಾರೂ ನಿಮ್ಮನ್ನು ಮುಟ್ಟಲಾರರು. ಹಾಗಾದರೆ ಅಲ್ಲೇ ಕೂತುಬಿಡಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ, ಮೇಲೆ ಗಡಿಯಾರ ಓಡುತ್ತಿರುತ್ತದೆ. ಮೊದಲ ಟೈಮ್ ಕ್ರೈಸಿಸ್‌ನಲ್ಲಿ ಸಮಯ ಮುಗಿದರೆ ಎಷ್ಟು ಜೀವ ಉಳಿದಿದ್ದರೂ ಆಟವೇ ಮುಗಿಯುತ್ತದೆ. ಎರಡನೆಯದರಲ್ಲಿ ಒಂದು ಜೀವ ಹೋಗುತ್ತದೆ. ಹೊರಗೆ ನಿಂತರೆ ಗುಂಡು, ಒಳಗೆ ಕೂತರೆ ಗಡಿಯಾರ, ಆಟ ಪೂರ್ತಿ ಇವೆರಡರ ನಡುವೆಯೇ ನಡೆಯುತ್ತದೆ. ಕೈಯಲ್ಲಿ ನಗದು ಎಷ್ಟಿಟ್ಟುಕೊಳ್ಳಬೇಕು, ವ್ಯಾಪಾರಕ್ಕೆ ಎಷ್ಟು ಹಾಕಬೇಕು ಎಂದು ನಮ್ಮ ಅಕೌಂಟೆನ್ಸಿ ಮೇಡಂ ಹೇಳಿದ ದಿನ ನನಗೆ ಆ ಪೆಡಲ್ ನೆನಪಾಗಿತ್ತು.

ಅಲ್ಲಿ ಕೆಲಸ ಮಾಡುವ ಅಣ್ಣನೊಬ್ಬ ನನ್ನ ಹನ್ನೊಂದನೇ ಸ್ವೈಪ್ ಹೊತ್ತಿಗೆ ತಡೆಯಲಾರದೆ, "ಕಾಲು ತೆಗೆಯಪ್ಪಾ, ಕಾಲು!" ಎಂದಿದ್ದ. ಆಗ ಕಿವಿಗೆ ಬೀಳಲಿಲ್ಲ. ಅವನು ಹೇಳಿದ್ದು ಇಷ್ಟು. ಹೊಸ ಜಾಗಕ್ಕೆ ಬಂದ ತಕ್ಷಣ ಅರ್ಧ ಸೆಕೆಂಡ್ ಮಾತ್ರ ಪೆಡಲ್ ಒತ್ತಿ, ಯಾರು ಎಲ್ಲಿದ್ದಾರೆ ಎಂದು ನೋಡಿ, ಕಾಲು ತೆಗೆದುಬಿಡಬೇಕು. ಮರೆಯಲ್ಲಿರುವಾಗಲೇ ಪಿಸ್ತೂಲನ್ನು ಮೊದಲನೆಯವನು ಇದ್ದ ಜಾಗಕ್ಕೆ ಗುರಿ ಹಿಡಿದು, ಆಮೇಲೆ ಹೊರಗೆ ಬರಬೇಕು. ಹೊರಗೆ ಬಂದು ಹುಡುಕುವವನು ಸಾಯುತ್ತಾನೆ. ಈ ಆಟದಲ್ಲಿ ಶತ್ರುಗಳು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಿಂದ, ಅದೇ ಕ್ರಮದಲ್ಲಿ ಬರುತ್ತಾರೆ. ನಾವು ಎಲ್ಲಿಗೆ ಹೋಗಬೇಕೆಂದು ಯಂತ್ರವೇ ತೀರ್ಮಾನಿಸಿರುತ್ತದೆ, ಹಳಿಯ ಮೇಲೆ ಹೋದ ಹಾಗೆ. ಆದ್ದರಿಂದ ಇನ್ನೊಬ್ಬರು ಆಡುವುದನ್ನು ಹಿಂದೆ ನಿಂತು ಹತ್ತು ನಿಮಿಷ ನೋಡಿ. ಅದಕ್ಕೆ ದುಡ್ಡು ಕೇಳುವುದಿಲ್ಲ. ನಾನು ಮೊದಲು ಮಾಡಬೇಕಿದ್ದ ಕೆಲಸ ಅದೇ.

ಶತ್ರುಗಳ ಬಟ್ಟೆಯ ಬಣ್ಣ ನೋಡಿ. ನೀಲಿ ಬಟ್ಟೆಯವರು ಸಾಮಾನ್ಯ ಸಿಪಾಯಿಗಳು, ಅವರ ಗುಂಡು ಬಹುತೇಕ ಪಕ್ಕಕ್ಕೆ ಹೋಗುತ್ತದೆ. ಕೆಂಪು ಬಟ್ಟೆಯವನ ಗುರಿ ತಪ್ಪುವುದಿಲ್ಲ. ಅವನು ಕಂಡರೆ ಮೊದಲು ಅವನನ್ನೇ ಹೊಡೆಯಬೇಕು, ಆಗದಿದ್ದರೆ ಕಾಲು ತೆಗೆಯಬೇಕು. ಎರಡನೇ ಭಾಗದಲ್ಲಿ ಇನ್ನೊಂದು ಉಪಕಾರ ಮಾಡಿದ್ದಾರೆ. ನಿಮಗೆ ನೇರವಾಗಿ ತಗಲುವ ಗುಂಡು ಹೊರಟಾಗ ಪರದೆಯಲ್ಲಿ ಕೆಂಪಗೆ ಹೊಳೆಯುತ್ತದೆ. ಅದು ಕಂಡ ಕ್ಷಣ ಯೋಚನೆ ಬೇಡ, ಕಾಲು ತನ್ನಷ್ಟಕ್ಕೇ ಮೇಲೆ ಬರಬೇಕು. ಉಳಿದ ಗುಂಡುಗಳು ಹೆದರಿಸುವುದಕ್ಕೆ ಮಾತ್ರ. ನನ್ನಂಥವರು ಹೆದರಬೇಕಾದದ್ದಕ್ಕೆ ಹೆದರದೆ, ಹೆದರಬೇಕಿಲ್ಲದ್ದಕ್ಕೆ ಟ್ರಿಗರ್ ಒತ್ತುತ್ತಾ ಗುಂಡು ಮುಗಿಸಿಕೊಳ್ಳುತ್ತೇವೆ.

ಪಿಸ್ತೂಲ್ ಹಿಡಿಯುವ ಬಗ್ಗೆಯೂ ಹೇಳಬೇಕು, ಅದಕ್ಕೆ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. ಲೈಟ್ ಗನ್ ಎಂಬ ಹೆಸರು ಕೇಳಿ ಅದು ಬೆಳಕು ಬಿಡುತ್ತದೆ ಎಂದುಕೊಂಡಿದ್ದೆ. ಬಹಳ ಹಿಂದೆ ಹಾಗೇ ಇತ್ತು. 1936ರಲ್ಲಿ ಅಮೆರಿಕದ ಸೀಬರ್ಗ್ ಕಂಪನಿ ಮಾಡಿದ ರೇ-ಒ-ಲೈಟ್ ಎಂಬ ಯಂತ್ರದಲ್ಲಿ ಬಂದೂಕು ಬೆಳಕು ಬಿಡುತ್ತಿತ್ತು, ಓಡಾಡುವ ಬಾತುಕೋಳಿಯಲ್ಲಿ ಬೆಳಕನ್ನು ಗುರುತಿಸುವ ಕೊಳವೆ ಇರುತ್ತಿತ್ತು. ಟಿವಿ ಬಂದ ಮೇಲೆ ಇದು ತಿರುಗುಮುರುಗಾಯಿತು. ಟಿವಿ ಬೆಳಕು ಬಿಡುತ್ತದೆ, ಬಂದೂಕು ನೋಡುತ್ತದೆ. ಅದರ ನಳಿಗೆಯೊಳಗೆ ಇರುವುದು ಒಂದು ಪುಟ್ಟ ಕಣ್ಣು.

ಮಾಮು ಮನೆಯ ಅಟ್ಟದಲ್ಲಿ ಅವರ ಹುಡುಗತನದ ವಿಡಿಯೋ ಗೇಮ್ ಇದೆ, ಕ್ಯಾಸೆಟ್ ಹಾಕುವಂಥದ್ದು. ಅದರ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು. ಬಾತುಕೋಳಿ ಹೊಡೆಯುವ ಆ ಆಟ ನಿಂಟೆಂಡೊದ ಡಕ್ ಹಂಟ್, 1984ರದ್ದು. ಗುರಿ ತಪ್ಪಿದರೆ ಒಂದು ನಾಯಿ ಹುಲ್ಲಿನಿಂದ ತಲೆಯೆತ್ತಿ ನಗುತ್ತದೆ. ಅದರಲ್ಲಿ ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಕಣ್ಣಿಗೆ ಕಪ್ಪು ಕಂಡು ಆಮೇಲೆ ಬಿಳಿ ಕಂಡರೆ ಗುರಿ ಸರಿ. ಟೈಮ್ ಕ್ರೈಸಿಸ್‌ನದು ಇನ್ನೂ ಜಾಣ ಲೆಕ್ಕ. ಹಳೆಯ ಟಿವಿಯಲ್ಲಿ ಒಂದು ಕಿರಣ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತದೆ, ಸೆಕೆಂಡಿಗೆ ಸುಮಾರು 60 ಸಲ. ಟ್ರಿಗರ್ ಒತ್ತಿದಾಗ ಪರದೆ ಬಿಳಿಯಾಗಿ ಮಿಂಚುತ್ತದೆ. ಆ ಕಿರಣ ಬಂದೂಕಿನ ಕಣ್ಣಿನ ಎದುರು ಯಾವ ಕ್ಷಣದಲ್ಲಿ ಹಾಯಿತು ಎಂಬುದರಿಂದ ನೀವು ಪರದೆಯ ಯಾವ ಚುಕ್ಕೆಗೆ ಗುರಿ ಹಿಡಿದಿದ್ದಿರಿ ಎಂದು ಯಂತ್ರ ಕಂಡುಹಿಡಿಯುತ್ತದೆ. ಮಾಮುವಿನ ಹೊಸ ಎಲ್‌ಇಡಿ ಟಿವಿಗೆ ಆ ಹಳೆಯ ಬಂದೂಕು ಹಾಕಿ ನಾವು ಒಂದು ಮಧ್ಯಾಹ್ನವೆಲ್ಲ ಒದ್ದಾಡಿ, ಬಂದೂಕು ಕೆಟ್ಟಿದೆ ಎಂದು ಬೈದಿದ್ದೆವು. ಪಾಪ, ಅದು ಕೆಟ್ಟಿರದೆಯೂ ಇರಬಹುದು. ಎಲ್‌ಇಡಿ ಟಿವಿಯಲ್ಲಿ ಆ ಕಿರಣವೂ ಇಲ್ಲ, ಚಿತ್ರ ಬರುವುದೂ ಸ್ವಲ್ಪ ತಡ. ಈಗಿನ ಯಂತ್ರಗಳಲ್ಲಿ ಪರದೆಯ ಸುತ್ತ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನಿಟ್ಟು ಅದೇ ಕೆಲಸ ಮಾಡಿಸುತ್ತಾರೆ.

ಇದರಿಂದ ನಮಗೆ ಏನು ಉಪಯೋಗ? ಟ್ರಿಗರ್ ಒತ್ತಿದ ಆ ಒಂದು ಕ್ಷಣದಲ್ಲಿ ನಳಿಗೆ ಎಲ್ಲಿತ್ತು ಎಂಬುದಷ್ಟೇ ಯಂತ್ರಕ್ಕೆ ಮುಖ್ಯ. ಸಿನಿಮಾದ ಹಾಗೆ ಪಿಸ್ತೂಲನ್ನು ಬೀಸುತ್ತಾ ಹೊಡೆದರೆ ಗುಂಡು ಬೀಸಿದ ಕಡೆ ಹೋಗುತ್ತದೆ. ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ತಾಗಿಸಿ, ಬೆರಳು ಮಾತ್ರ ಆಡಿಸಿ. ಎರಡೂ ಕಣ್ಣು ತೆರೆದಿರಲಿ, ಒಂದು ಕಣ್ಣು ಮುಚ್ಚಿದರೆ ಪಕ್ಕದಿಂದ ಬರುವವನು ಕಾಣುವುದಿಲ್ಲ. ದೇಹದ ಭಾರ ಪೆಡಲ್ ಇಲ್ಲದ ಕಾಲಿನ ಮೇಲಿರಬೇಕು, ಇಲ್ಲದಿದ್ದರೆ ಇನ್ನೊಂದು ಕಾಲನ್ನು ಬೇಗ ಎತ್ತಲಾಗದು. ಸಾವಿರಾರು ಕೈ ದಾಟಿ ಬಂದ ಪಿಸ್ತೂಲಾದ್ದರಿಂದ ಅದರ ಗುರಿ ಸ್ವಲ್ಪ ಆಚೀಚೆ ಆಗಿರಬಹುದು. ಮೊದಲ ಎರಡು ಮೂರು ಗುಂಡುಗಳನ್ನು ಗೋಡೆಗೆ ಹೊಡೆದು ಗುರುತು ಎಲ್ಲಿ ಬೀಳುತ್ತದೆ ನೋಡಿ. ಎಡಕ್ಕೆ ಬಿದ್ದರೆ ಅಷ್ಟೇ ಬಲಕ್ಕೆ ಹಿಡಿಯಿರಿ. ಆಡದೆ ಇರುವಾಗ ನಳಿಗೆ ನೆಲದ ಕಡೆ ಇರಲಿ. ತಮಾಷೆಗೂ ಮನುಷ್ಯರ ಕಡೆ ತೋರಿಸಬೇಡಿ ಎಂದು ಅಬ್ಬಾ ನೀರಿನ ಪಿಚಕಾರಿಗೂ ಹೇಳುವವರು, ನನಗೆ ಅದು ಅಭ್ಯಾಸವಾಗಿದೆ.

ಪಕ್ಕದ ಯಂತ್ರ ಸೆಗಾ ಕಂಪನಿಯ ಹೌಸ್ ಆಫ್ ದಿ ಡೆಡ್ ಆಗಿದ್ದರೆ ಈ ಪಾಠದ ಅರ್ಧ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಪೆಡಲ್ ಇಲ್ಲ, ಮರೆ ಇಲ್ಲ. ಆರು ಗುಂಡು ಮುಗಿದರೆ ಪರದೆಯ ಹೊರಗೆ ಹೊಡೆದು ತುಂಬಿಕೊಳ್ಳಬೇಕು. ಮೈಮೇಲೆ ಬೀಳುವ ಶವಗಳ ತಲೆಗೆ ಗುರಿ ಇಡಿ, ನಡುವೆ ಓಡಿಬರುವ ಬದುಕಿದ ಜನರಿಗೆ ಹೊಡೆಯಬೇಡಿ, ಕೆಲವರನ್ನು ಕಾಪಾಡಿದರೆ ಒಂದು ಜೀವ ಕೊಡುತ್ತಾರೆ.

ಇನ್ನು ಆ 9, 8, 7. ಆಟದಲ್ಲಿ ಅತ್ಯಂತ ಅಪಾಯಕಾರಿ ಶತ್ರು ಇದೇ, ಇವನಿಗೆ ಗುಂಡು ತಾಗುವುದಿಲ್ಲ. ಇಷ್ಟು ದೂರ ಬಂದೆನಲ್ಲ, ಈಗ ಬಿಟ್ಟರೆ ಹಾಕಿದ್ದೆಲ್ಲ ವ್ಯರ್ಥ ಎಂದು ಅನಿಸುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಮುಳುಗಿದ ವೆಚ್ಚ ಎನ್ನುತ್ತಾರೆ. ಹೋದ 60 ಮುಂದೆ ಆಡಿದರೂ ಬರುವುದಿಲ್ಲ, ಆಡದಿದ್ದರೂ ಬರುವುದಿಲ್ಲ. ತೀರ್ಮಾನಿಸಬೇಕಾದದ್ದು ಮುಂದಿನ 60ರ ಬಗ್ಗೆ ಮಾತ್ರ. ಒಂದು ಸ್ವೈಪ್‌ಗೆ ಎಷ್ಟು ಜೀವ ಕೊಡಬೇಕೆಂಬುದನ್ನೂ ಯಂತ್ರ ಇಟ್ಟವರೇ ಒಳಗೆ ನಿಗದಿ ಮಾಡಬಹುದು. ಅವರದೂ ವ್ಯಾಪಾರ. ನಾವು ಎಷ್ಟು ಸ್ವೈಪ್ ಎಂದು ಮನೆಯಲ್ಲೇ ನಿಗದಿ ಮಾಡಿಕೊಂಡು ಹೋಗಬೇಕು.

ಭಾನುವಾರಗಳಲ್ಲಿ ಚಾಚಾ ಅಂಗಡಿಯಲ್ಲಿ ಬಿಲ್ ಬರೆದು ತಂಗಿಯ 280 ತೀರಿಸಿದೆ. ಬಕ್ರೀದ್ ಆದ ಮೇಲೆ ಮತ್ತೆ ಬೆಂಗಳೂರಿಗೆ ಹೋದಾಗ ನನ್ನ ದುಡ್ಡಿನಲ್ಲೇ ಕಾರ್ಡಿಗೆ 300 ಹಾಕಿಸಿದೆ. ಮೊದಲು ಡ್ಯಾಶಿಂಗ್ ಕಾರ್, ಇಬ್ಬರಿಗೆ 180. ಉಳಿದ 120ರಲ್ಲಿ ಇಬ್ಬರಿಗೂ ಸರಿಯಾಗಿ ಒಂದೊಂದು ಸ್ವೈಪ್. ಅವಳು ಪಿಸ್ತೂಲ್ ಹಿಡಿದದ್ದು ಅದೇ ಮೊದಲು. ನಾನು ಕಲಿತದ್ದೆಲ್ಲ ಹೇಳಿಕೊಟ್ಟೆ, ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ಆಟ ಶುರುವಾದ ಮೇಲೆ ನೋಡಿದರೆ ಅವಳು ಒಂದು ಗುಂಡು ಹೊಡೆದು ಅಡಗುತ್ತಾಳೆ, ಇಣುಕುತ್ತಾಳೆ, ಮತ್ತೊಂದು ಹೊಡೆಯುತ್ತಾಳೆ. ಕಣ್ಣಾಮುಚ್ಚಾಲೆ ಆಡಿದ ಹಾಗೆ. ನನಗೆ "ಛುಪ್ ಜಾವ್ ಭಾಯಿ, ಛುಪ್ ಜಾವ್!" ಎಂದು ಕೂಗುತ್ತಾಳೆ. ನಾನು ಪಾಠ ಬಲ್ಲವನು, ಆದರೂ ಇಬ್ಬರು ಕೆಂಪು ಬಟ್ಟೆಯವರನ್ನು ಒಂದೇ ಸಲ ಹೊಡೆಯುವ ಆಸೆಗೆ ಕಾಲು ಎತ್ತದೆ ನಿಂತು ನನ್ನ ಕೊನೆಯ ಜೀವ ಕಳೆದುಕೊಂಡೆ. ಇಬ್ಬರ ಆಟದಲ್ಲಿ ಒಬ್ಬರು ಸತ್ತರೆ ಇನ್ನೊಬ್ಬರದು ನಿಲ್ಲುವುದಿಲ್ಲ. ನನ್ನ ಪರದೆಯಲ್ಲಿ 9, 8, 7 ಇಳಿಯಿತು. ಕಾರ್ಡಿನಲ್ಲಿ ಸೊನ್ನೆ. ಪಿಸ್ತೂಲನ್ನು ಅದರ ಗೂಡಿನಲ್ಲಿಟ್ಟು ಅವಳ ಹಿಂದೆ ಹೋಗಿ ನಿಂತೆ.

"ಬಲಗಡೆ ಮೇಲೆ ಒಬ್ಬ ಬರ್ತಾನೆ" ಅಂದೆ. ಅವಳು ತಿರುಗದೆ, "ಹೇಳ್ತಾ ಇರು" ಅಂದಳು. ದೋಣಿಗಳು ಬೆನ್ನಟ್ಟುವ ಭಾಗಕ್ಕೆ ಬಂದಾಗ ಮಾಮು ಕರೆಯಲು ಬಂದಿದ್ದರು. ಅವರೂ ಬ್ಯಾಗ್ ಕೆಳಗಿಟ್ಟು ನಿಂತರು.