ಕಾಫಿಯಲ್ಲಿ ಉಳಿಯದ ದುಡ್ಡು

ಕಂಪನಿ ಒಂದೆರಡು ವರ್ಷದ ಮಟ್ಟಿಗೆ ಜರ್ಮನಿಗೆ ಕಳಿಸುತ್ತದೆ ಎಂದು ಗೊತ್ತಾದ ದಿನದಿಂದಲೇ ಮನೆಯಲ್ಲಿ ಗುಣಾಕಾರ ಶುರುವಾಗುತ್ತದೆ. ಯೂರೋ ಸಂಬಳವನ್ನು ಗುಣಿಸಿ ರೂಪಾಯಿಗೆ ತಿರುಗಿಸಿ, ಸೈಟಿನ ಸಾಲ ಎಷ್ಟು ತೀರೀತು, ಮಗಳ ಓದಿಗೆ ಎಷ್ಟು ಎತ್ತಿಡಬಹುದು ಎಂದು ಲೆಕ್ಕ ಹಾಕುತ್ತೇವೆ. ಅಲ್ಲಿಗೆ ಹೋದ ಮೇಲೂ ಆ ಗುಣಾಕಾರ ಬಿಡುವುದಿಲ್ಲ. ಮೂರೂವರೆ ಯೂರೋ ಕಾಫಿ ಮುನ್ನೂರು ರೂಪಾಯಿ ದಾಟುತ್ತದೆ, ಕುಡಿಯಲು ಮನಸ್ಸು ಬರುವುದಿಲ್ಲ. ಆಫೀಸಿನವರು ಊಟಕ್ಕೆ ಕರೆದರೆ ಡಬ್ಬಿ ತಂದಿದ್ದೇನೆ ಎನ್ನುತ್ತೇವೆ. ಶನಿವಾರ, ಭಾನುವಾರ ರೂಮಿನಲ್ಲೇ ಕೂತು ಊರಿಗೆ ವಿಡಿಯೊ ಕಾಲ್ ಮಾಡುತ್ತೇವೆ. ಇಷ್ಟೆಲ್ಲ ಕೈ ಬಿಗಿ ಹಿಡಿದು ಬದುಕಿದವರನ್ನು ಕೊನೆಗೆ ಎಷ್ಟು ಉಳಿಯಿತು ಎಂದು ಕೇಳಿದರೆ, ಅಂದುಕೊಂಡಷ್ಟಿಲ್ಲ ಎನ್ನುವವರೇ ಹೆಚ್ಚು.

ನಾನು 2023ರ ಜುಲೈನಲ್ಲಿ ಡೆಪ್ಯುಟೇಷನ್ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋದೆ, 2025ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಮರಳಿದೆ. ಈ ಅವಧಿಯ ಖರ್ಚು, ಉಳಿತಾಯ ಎರಡನ್ನೂ ಬರೆದಿಟ್ಟಿದ್ದೇನೆ. ಅದನ್ನು ನೋಡಿದಾಗ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಮೊತ್ತಗಳು ಉಳಿದದ್ದು ಹೊರಡುವ ಮುಂಚಿನ ಕಾಗದಪತ್ರದಲ್ಲಿ, ಮೊದಲ ತಿಂಗಳ ಬಾಡಿಗೆ ಕರಾರಿನಲ್ಲಿ ಮತ್ತು ಹಿಂದಿರುಗುವ ಮುಂಚಿನ ಮೂರ್ನಾಲ್ಕು ತಿಂಗಳಲ್ಲಿ. ಈ ಮೂರನ್ನು ಸರಿಯಾಗಿ ನೋಡಿಕೊಂಡವರು ನಡುವಿನ ದಿನಗಳನ್ನು ಹೊಟ್ಟೆ ಕಟ್ಟಿ ಕಳೆಯಬೇಕಾಗಿಲ್ಲ.

ಮೊದಲು ಪಿಂಚಣಿಯ ಮಾತು. ಜರ್ಮನಿಯಲ್ಲಿ ಸಂಬಳದ ಶೇ 18.6ರಷ್ಟು ಸರ್ಕಾರಿ ಪಿಂಚಣಿ ನಿಧಿಗೆ ಹೋಗುತ್ತದೆ. ಅದರಲ್ಲಿ ಅರ್ಧ, ಅಂದರೆ ಶೇ 9.3, ನೌಕರರ ಜೇಬಿನಿಂದ. ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಇದ್ದು, 2017ರ ಮೇ 1ರಿಂದ ಜಾರಿಯಲ್ಲಿದೆ. ಭಾರತದ ಕಂಪನಿ ತನ್ನ ನೌಕರರನ್ನು 48 ತಿಂಗಳವರೆಗಿನ ಅವಧಿಗೆ ಕಳಿಸಿದರೆ, ಇಲ್ಲಿನ ಪಿಎಫ್ ಮುಂದುವರಿಯುತ್ತದೆ, ಅಲ್ಲಿನ ಪಿಂಚಣಿ ಕಡಿತದಿಂದ ವಿನಾಯಿತಿ ಸಿಗುತ್ತದೆ. ಅದಕ್ಕೆ ಬೇಕಾದ್ದು ಇಪಿಎಫ್‌ಒ ಕೊಡುವ ಸರ್ಟಿಫಿಕೇಟ್ ಆಫ್ ಕವರೇಜ್. ತಿಂಗಳಿಗೆ 5,000 ಯೂರೋ ಸಂಬಳ ಎಂದಿಟ್ಟುಕೊಳ್ಳಿ, ಶೇ 9.3 ಎಂದರೆ 465 ಯೂರೋ. ಕೆಲಸದ ದಿನವೆಲ್ಲ ಒಂದೊಂದು ಕಾಫಿ ಕುಡಿದರೂ ತಿಂಗಳಿಗೆ ಸುಮಾರು 80 ಯೂರೋ ಅಷ್ಟೇ. ಹೊರಡುವ ಎರಡು ತಿಂಗಳ ಮುಂಚೆಯೇ ಎಚ್‌ಆರ್ ವಿಭಾಗಕ್ಕೆ ಬರೆದು, ಈ ಸರ್ಟಿಫಿಕೇಟ್ ಅರ್ಜಿ ಎಲ್ಲಿಗೆ ಬಂತು ಎಂದು ಕೇಳುತ್ತಿರಿ. ಸಂಕೋಚ ಬೇಡ, ಇದು ನಿಮ್ಮ ದುಡ್ಡು. ಆಫರ್ ಪತ್ರದಲ್ಲಿರುವ ಮೊತ್ತ ತೆರಿಗೆಗೆ ಮುಂಚಿನದೋ ಕೈಗೆ ಬರುವುದೋ ಎಂಬುದನ್ನೂ ಎಚ್‌ಆರ್‌ಗೆ ಬರೆಯುವಾಗಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹೊರಡುವ ತಾರೀಕಿಗೂ ಬೆಲೆಯಿದೆ. ಕೆಲಸಕ್ಕೆಂದು ದೇಶ ಬಿಡುವವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ನಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಅನಿವಾಸಿಗಳು. ಸೆಪ್ಟೆಂಬರ್ ಕೊನೆಯ ವಾರಕ್ಕಿಂತ ಮುಂಚೆ ವಿಮಾನ ಹತ್ತಿದವರು ಆ ಗೆರೆಯ ಆಚೆ ಉಳಿಯುತ್ತಾರೆ. ನವೆಂಬರ್‌ನಲ್ಲಿ ಹತ್ತಿದವರು ಆ ವರ್ಷದ ಜರ್ಮನಿ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ವಜಾ ಕೇಳಬೇಕು. ವಾಪಸ್ ಬರುವ ವರ್ಷ ಇನ್ನೂ ಬಿಗಿ. ಶಾಶ್ವತವಾಗಿ ಮರಳಿದವರಿಗೆ 182ರ ಸಡಿಲಿಕೆ ಅನ್ವಯಿಸುವುದಿಲ್ಲ. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಭಾರತದಲ್ಲಿದ್ದವರು ಆ ವರ್ಷ 60 ದಿನ ಇದ್ದರೂ ನಿವಾಸಿಗಳೇ. ಸ್ವಲ್ಪ ಕಾಲ ಹೊರಗಿದ್ದು ಬಂದ ಹೆಚ್ಚಿನವರೆಲ್ಲ ಇದರೊಳಗೆ ಬರುತ್ತೇವೆ. ಡಿಸೆಂಬರ್‌ನಲ್ಲೇ ಬಂದುಬಿಡು ಎಂದು ಮನೆಯವರೆಲ್ಲ ಕರೆದರೂ ನಾನು ಫೆಬ್ರವರಿಯವರೆಗೆ ಕಾದದ್ದು ಈ ಕಾರಣಕ್ಕೆ. ನಡುವೆ ದಸರಾ ರಜೆಗೆಂದು ಊರಿಗೆ ಬಂದ ದಿನಗಳೂ ಈ ಅರವತ್ತರಲ್ಲಿ ಸೇರುತ್ತವೆ. ಟಿಕೆಟ್ ಬುಕ್ ಮಾಡುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂರಿ.

ಬ್ಯಾಂಕಿಗೆ ವಿದೇಶಕ್ಕೆ ಹೋಗುತ್ತಿರುವುದನ್ನು ತಿಳಿಸುವುದು, ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತಿಗೆ ವ್ಯವಸ್ಥೆ ಮಾಡುವುದು, ಇವೆಲ್ಲ ಗೊತ್ತಿರುವ ಸಂಗತಿಗಳೇ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಇಲ್ಲಿನ ಸಿಮ್ ಸಾಯಲು ಬಿಡಬೇಡಿ. ರೋಮಿಂಗ್ ಚಾಲೂ ಮಾಡಿಸಿಕೊಂಡು ಹೋಗಿ. ಓಟಿಪಿ ಬಾರದಿದ್ದರೆ ನಿಮ್ಮದೇ ಖಾತೆಯ ಬಾಗಿಲು ನಿಮಗೆ ತೆರೆಯುವುದಿಲ್ಲ.

ಇನ್ನು ಮನೆ. ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತವೆ. ಕಾಲ್ಟ್‌ಮೀಟೆ ಬರೀ ಮನೆಯದು, ವಾರ್ಮ್‌ಮೀಟೆಯಲ್ಲಿ ಹೀಟಿಂಗ್, ನೀರು, ಕಸದ ಖರ್ಚು ಸೇರಿರುತ್ತದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ಖಾಲಿ ಗೋಡೆ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಬಾಡಿಗೆದಾರರೇ ಹಾಕಿಸಿಕೊಂಡು, ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ. ಎರಡು ವರ್ಷದೊಳಗೆ ಮರಳುವವರಿಗೆ ಇದು ಬೇಡವೇ ಬೇಡ. ಸಾಮಾನು ಸಮೇತ ಸಿಗುವ ಮನೆಗೆ ಬಾಡಿಗೆ ಜಾಸ್ತಿ ಅನಿಸಿದರೂ ಒಟ್ಟು ಖರ್ಚಿನಲ್ಲಿ ಅದೇ ಅಗ್ಗ ಎಂಬುದು ನನ್ನ ಅನುಭವ. ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ಬಾಡಿಗೆ ಕಂಡವರಿಗೆ ಅಲ್ಲಿ ನೆಮ್ಮದಿ: ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಕೀಲಿ ಪಡೆದ ದಿನ ಗೋಡೆ, ನೆಲ, ಕಿಟಕಿಗಳ ಫೋಟೊ ತೆಗೆದು, ಇದ್ದ ಗೀರು, ಕಲೆಗಳನ್ನು ಹಸ್ತಾಂತರ ಪತ್ರದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಲ್ಲಿನ ಫಾರ್ಮಿನಲ್ಲಿ ಧರ್ಮದ ಕಾಲಂ ಒಂದಿದೆ. ಕಥೊಲಿಕ್ ಅಥವಾ ಪ್ರೊಟೆಸ್ಟಂಟ್ ಎಂದು ಬರೆದವರಿಗೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಶೇ 8ರಷ್ಟು ಚರ್ಚ್ ತೆರಿಗೆ ಬೀಳುತ್ತದೆ. ನನ್ನ ಮಂಗಳೂರಿನ ಗೆಳತಿಗೆ ಇದು ಮೊದಲೇ ಗೊತ್ತಿತ್ತು. ಇಗರ್ಜಿಗೆ ಸಲ್ಲುವ ದುಡ್ಡು ಸಲ್ಲಲಿ ಎಂದು ಖುಷಿಯಿಂದಲೇ ಬರೆದಳು, ಬಜೆಟ್ಟಿನಲ್ಲೂ ಸೇರಿಸಿಕೊಂಡಳು. ನೋಂದಣಿಯಾದ ಕೆಲವೇ ವಾರದಲ್ಲಿ ರೇಡಿಯೊ, ಟಿವಿ ಶುಲ್ಕದ ಪತ್ರ ಬರುತ್ತದೆ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ತಿಂಗಳಿಗೆ 18.36 ಯೂರೋ. ಅದು ಮನೆಗೊಂದೇ, ತಲೆಗೊಂದಲ್ಲ. ಇಬ್ಬರು ಮೂವರು ಸೇರಿ ಇರುವವರು ಹಂಚಿಕೊಳ್ಳಬಹುದು.

ದಿನನಿತ್ಯದ ಬದುಕು ಮತ್ತು ದುಡ್ಡು ಎಷ್ಟು ಹೆಣೆದುಕೊಂಡಿವೆ ಎಂದು ನನಗೆ ಅರ್ಥವಾದದ್ದು ಕಿಟಕಿಯಿಂದ. ನಮ್ಮ ಅಡುಗೆ ಎಂದರೆ ಆವಿ. ಅನ್ನ, ಬೇಳೆ, ಇಡ್ಲಿ, ಸಾರು, ಎಲ್ಲ ಕುದಿಯುವಂಥದ್ದೇ. ಚಳಿಗಾಲದಲ್ಲಿ ಕಿಟಕಿ ಬಿಗಿಯಾಗಿ ಮುಚ್ಚಿ ಅಡುಗೆ ಮಾಡಿ, ಒಗೆದ ಬಟ್ಟೆಯನ್ನೂ ಒಳಗೇ ಒಣಹಾಕಿದರೆ ಆ ತೇವವೆಲ್ಲ ತಣ್ಣನೆಯ ಹೊರಗೋಡೆಗೆ ಕೂರುತ್ತದೆ. ಜನವರಿಯ ಹೊತ್ತಿಗೆ ಮೂಲೆಯಲ್ಲಿ ಕಪ್ಪು ಬೂಷ್ಟು. ನಮ್ಮ ತಂಡದ ಒಬ್ಬರಿಗೆ ಇದೇ ಕಾರಣಕ್ಕೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಗೂ ಮಿಕ್ಕಿ ಮುರಿದುಕೊಂಡರು. ಬಿಸಿ ಹೋಗಿಬಿಡುತ್ತದೆ, ಹೀಟಿಂಗ್ ಬಿಲ್ ಏರುತ್ತದೆ ಎಂದು ಅವರು ಚಳಿಗಾಲ ಪೂರ್ತಿ ಕಿಟಕಿ ತೆರೆದಿರಲಿಲ್ಲ. ಜರ್ಮನ್ನರು ಮಾಡುವುದು ಬೇರೆ. ಎಷ್ಟೇ ಚಳಿಯಿರಲಿ, ಹೀಟರ್ ಆರಿಸಿ, ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚುತ್ತಾರೆ. ತೇವದ ಗಾಳಿ ಹೋಗುತ್ತದೆ, ಗೋಡೆಯ ಕಾವು ಉಳಿಯುತ್ತದೆ, ಒಣ ಗಾಳಿ ಬೇಗ ಬಿಸಿಯಾಗುತ್ತದೆ. ಬಾಡಿಗೆ ಕರಾರುಗಳಲ್ಲೇ ಇದನ್ನು ಬರೆದಿರುವುದುಂಟು. ಅಡುಗೆಯಾದ ತಕ್ಷಣ, ಸ್ನಾನವಾದ ತಕ್ಷಣ ಕಿಟಕಿ ತೆರೆಯುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಸ್ಟುಟ್‌ಗಾರ್ಟ್ ಸುತ್ತಿನ ಶ್ವೇಬಿಯಾ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ. ಕಟ್ಟಡದ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿಯನ್ನು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ತೂಗಿಹಾಕುತ್ತಾರೆ. ಚಳಿಗಾಲದಲ್ಲಿ ಹಿಮ ಸರಿಸುವುದೂ ಎಷ್ಟೋ ಕಡೆ ಇದರ ಜೊತೆಗೇ ಬರುತ್ತದೆ. ದುಡ್ಡು ಕೊಟ್ಟು ಯಾರಿಂದಲಾದರೂ ಮಾಡಿಸೋಣ ಎಂದು ನಮಗೆ ಥಟ್ಟನೆ ಅನಿಸುತ್ತದೆ. ಆದರೆ ಮನೆಮುಂದೆ ಗುಡಿಸಿ ನೀರು ಹಾಕುವುದನ್ನು ನೋಡಿ ಬೆಳೆದವಳು ನಾನು, ಇದು ನನಗೆ ಹಿಡಿಸಿತು. ಮೇಲಿನ ಮನೆಯ ಅಜ್ಜಿಯ ಜೊತೆ ಮಾತು ಶುರುವಾದದ್ದು ಪೊರಕೆ ಹಿಡಿದಾಗಲೇ. ಕಸವನ್ನು ಹೇಗೆ ಬೇರ್ಪಡಿಸಬೇಕು, ಪೆಟ್ ಬಾಟಲಿಯ ಮೇಲೆ ಕಟ್ಟಿದ 25 ಸೆಂಟ್ ಠೇವಣಿಯನ್ನು ಅಂಗಡಿಯ ಯಂತ್ರದಲ್ಲಿ ಹೇಗೆ ವಾಪಸ್ ಪಡೆಯಬೇಕು, ನಲ್ಲಿ ನೀರು ಕುಡಿಯಲು ಎಷ್ಟು ಚೆನ್ನ, ಎಲ್ಲ ಹೇಳಿಕೊಟ್ಟವರು ಅವರೇ. ಪರರಿಗೆ ಆಗುವ ನಷ್ಟ ಭರಿಸುವ ಹೊಣೆಗಾರಿಕೆ ವಿಮೆ ಮಾಡಿಸು ಎಂದು ಬಲವಂತ ಮಾಡಿದ್ದೂ ಅವರೇ. ಕಟ್ಟಡದ ಮುಖ್ಯ ಕೀಲಿ ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸುವ ಖರ್ಚು ನಮ್ಮ ತಲೆಗೆ ಬರಬಹುದು. ವರ್ಷಕ್ಕೆ ನೂರು ಯೂರೋ ಒಳಗೆ ಸಿಗುವ ಈ ವಿಮೆಯನ್ನು, ಕೀಲಿಯೂ ಅದರಲ್ಲಿ ಸೇರಿದೆಯೇ ನೋಡಿ, ತಪ್ಪದೆ ಮಾಡಿಸಿ.

ಅಮ್ಮನ ಚಿಂತೆ ಊಟದ್ದು. "ಅಲ್ಲಿ ತುಪ್ಪ ಎಲ್ಲಿ ಸಿಗುತ್ತೇ? ಎರಡು ಕೆಜಿ ಕಾಯಿಸಿ ಕೊಡ್ತೀನಿ, ಸೂಟ್‌ಕೇಸಲ್ಲಿ ಇಟ್ಕೊಂಡು ಹೋಗು ಕಣೇ" ಎಂದಿದ್ದರು. ಯುರೋಪಿಯನ್ ಒಕ್ಕೂಟದೊಳಕ್ಕೆ ಪ್ರಯಾಣಿಕರು ಹಾಲಿನ ಉತ್ಪನ್ನ ಒಯ್ಯುವಂತಿಲ್ಲ. ತುಪ್ಪ, ಪೇಡ ಎರಡೂ ಅದರಲ್ಲಿ ಬರುತ್ತವೆ. ತಾಜಾ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಒಯ್ಯುವ ಅಗತ್ಯವೂ ಇಲ್ಲ. ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುವ ಉಪ್ಪಿಲ್ಲದ ಬೆಣ್ಣೆಯನ್ನು ಕಾಯಿಸಿದರೆ ಘಮಘಮ ತುಪ್ಪ. ಫಾಯರ್‌ಬಾಖ್ ಕಡೆಯ ಟರ್ಕಿಯವರ ಅಂಗಡಿಗಳಲ್ಲಿ ಬದನೆ, ಬೆಂಡೆ, ಹಸಿಮೆಣಸು, ಕೊತ್ತಂಬರಿ ಕಟ್ಟು, ಮಸೂರು ಬೇಳೆ ಸಿಗುತ್ತವೆ. ಸೋನಾ ಮಸೂರಿ, ತೊಗರಿಬೇಳೆಗೆ ಮಾತ್ರ ಇಂಡಿಯನ್ ಅಂಗಡಿ. ಸೂಟ್‌ಕೇಸಿನಲ್ಲಿ ಜಾಗ ಕೊಡಬೇಕಾದ್ದು ಸಾರಿನಪುಡಿಗೆ, ರಾಗಿಹಿಟ್ಟಿಗೆ, ಒಂದು ಸಣ್ಣ ಕುಕ್ಕರಿಗೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಮಧ್ಯಾಹ್ನದೊಳಗೆ ಸಾಮಾನು ತಂದಿಟ್ಟುಕೊಂಡವರಿಗೆ ಭಾನುವಾರ ಸ್ಟೇಷನ್ನಿನ ಅಂಗಡಿಯಲ್ಲಿ ಹೆಚ್ಚು ಬೆಲೆ ತೆರುವುದು ತಪ್ಪುತ್ತದೆ. ಹೀಗೆ ಮನೆಯಲ್ಲಿ ಅಡುಗೆ ನಡೆದರೆ ವಾರಕ್ಕೆರಡು ಸಲ ಸಹೋದ್ಯೋಗಿಗಳ ಜೊತೆ ಹೊರಗೆ ಊಟ ಮಾಡಿದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಆ ಊಟದ ಮೇಜಿನಲ್ಲೇ ಕೆಲಸದ ಅರ್ಧ ಸಂಗತಿಗಳು ತಿಳಿಯುವುದು. ಅದಕ್ಕೆ ಹೋಗದೆ ಉಳಿಸಿದ ಹತ್ತು ಯೂರೋ ಯಾವ ರೀತಿಯಲ್ಲೂ ಉಳಿತಾಯವಲ್ಲ ಎಂದು ನಾನು ನಂಬಿದ್ದೇನೆ.

ಹಾಗಾಗಿ ನಾನು ತಿಂಗಳ ಮೊದಲ ವಾರವೇ ಉಳಿತಾಯದ ಪಾಲನ್ನು ಊರಿಗೆ ಕಳಿಸಿ, ಉಳಿದದ್ದನ್ನು ಯೂರೋದಲ್ಲೇ ಎಣಿಸುತ್ತಿದ್ದೆ, ರೂಪಾಯಿಗೆ ತಿರುಗಿಸುತ್ತಿರಲಿಲ್ಲ. ಕಳಿಸುವಾಗ ನೋಡಬೇಕಾದ್ದು ಶುಲ್ಕವನ್ನಲ್ಲ, ವಿನಿಮಯ ದರವನ್ನು. ಶುಲ್ಕ ಇಲ್ಲ ಎನ್ನುವವರು ದರದಲ್ಲಿ ಹಿಡಿದುಕೊಂಡಿರುತ್ತಾರೆ, ಕೊನೆಗೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬ ಒಂದೇ ಅಂಕಿ ಹೋಲಿಸಿ.

2023ರ ಮೇನಲ್ಲಿ ಜರ್ಮನಿ ತಿಂಗಳಿಗೆ 49 ಯೂರೋ ಡಾಯ್ಚ್‌ಲಾಂಡ್ ಟಿಕೆಟ್ ತಂದಿತು. 2025ರ ಜನವರಿಯಿಂದ ಅದು 58 ಆಯಿತು. ನಗರದ ಬಸ್ಸು, ಟ್ರಾಮು, ದೇಶದ ಎಲ್ಲ ಪ್ರಾದೇಶಿಕ ರೈಲು ಇದರಲ್ಲಿ ಬರುತ್ತವೆ, ಐಸಿಇಯಂಥ ದೂರ ಪ್ರಯಾಣದ ವೇಗದ ರೈಲುಗಳು ಮಾತ್ರ ಇಲ್ಲ. ಆಫೀಸಿಗೆ ಹೇಗೂ ಬೇಕಾದ ಈ ಟಿಕೆಟ್ಟಿನಲ್ಲೇ ನಾನು ಭಾನುವಾರಗಳನ್ನು ಕಳೆದೆ. ಒಂದು ತಾಸಿನ ದಾರಿ ಟ್ಯೂಬಿಂಗೆನ್. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಇನ್ನೂ ಹತ್ತಿರದ ಎಸ್ಲಿಂಗೆನ್, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಕೊನೆಯ ದಿನಗಳನ್ನು ಕಳೆದ ಊರು. ಗಂಡ, ಮಗಳು ಬೇಸಿಗೆ ರಜೆಗೆ ಬಂದಾಗ ಅವರನ್ನೂ ಕರೆದೊಯ್ದೆ. ಕನ್ನಡ ಕಲಿತು ನಮ್ಮ ಭಾಷೆಗೆ ಇಷ್ಟು ಮಾಡಿದವರ ಬೀದಿಗಳಲ್ಲಿ ಓಡಾಡಲು ನನಗೆ ಬೇರೆ ಟಿಕೆಟ್ ಬೇಕಾಗಲಿಲ್ಲ.

ಹಿಂದಿರುಗುವ ಕೆಲಸ ನಾಲ್ಕು ತಿಂಗಳ ಮುಂಚೆ ಶುರುವಾಗಬೇಕು. ಸಾಮಾನ್ಯವಾಗಿ ಮನೆ ಬಿಡಲು ಮೂರು ತಿಂಗಳ ನೋಟಿಸ್ ಬೇಕು. ಅದು ಕೈಯಿಂದ ಸಹಿ ಮಾಡಿದ ಕಾಗದವಾಗಿರಬೇಕು, ಇಮೇಲ್ ಕಾನೂನಿನಲ್ಲಿ ನಿಲ್ಲುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರಿಗೆ ತಲುಪದಿದ್ದರೆ ಇನ್ನೊಂದು ತಿಂಗಳ ಬಾಡಿಗೆ ಕಟ್ಟಬೇಕಾಗುತ್ತದೆ. ಕಂಪನಿ ಇನ್ನೂ ದಿನಾಂಕ ಖಚಿತ ಮಾಡಿಲ್ಲ ಎಂದು ಕಾಯುವವರು ಕಳೆದುಕೊಳ್ಳುವುದು ಇಲ್ಲೇ. ಮ್ಯಾನೇಜರನ್ನು ಕೂರಿಸಿಕೊಂಡು ದಿನಾಂಕ ಕೇಳಿ. ಫೋನ್, ಜಿಮ್, ಇಂಟರ್ನೆಟ್ ಎಲ್ಲಕ್ಕೂ ರದ್ದತಿ ಬರೆಯಬೇಕು. 2022ರ ಜುಲೈಯಿಂದ ಆನ್‌ಲೈನ್‌ನಲ್ಲಿ ಇಂಥ ಕರಾರು ಮಾರುವ ವೆಬ್‌ಸೈಟಿನಲ್ಲಿ ರದ್ದು ಮಾಡುವ ಗುಂಡಿಯೂ ಇರಲೇಬೇಕೆಂಬ ನಿಯಮವಿದೆ, ಬಳಸಿಕೊಳ್ಳಿ. ಡಾಯ್ಚ್‌ಲಾಂಡ್ ಟಿಕೆಟ್ಟನ್ನು ಆ ತಿಂಗಳ 10ರೊಳಗೆ ನಿಲ್ಲಿಸಬೇಕು. ವಿಳಾಸದ ನೋಂದಣಿ ತೆಗೆಸಿದ ಪತ್ರವನ್ನು ರೇಡಿಯೊ ಶುಲ್ಕದವರಿಗೂ ಕಳಿಸಬೇಕು.

ಅಲ್ಲಿನ ಬ್ಯಾಂಕ್ ಖಾತೆಯನ್ನು ಹೊರಡುವ ದಿನವೇ ಮುಚ್ಚಬೇಡಿ. ಅಡ್ವಾನ್ಸ್ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಹೀಟಿಂಗ್, ನೀರಿನ ಅಂತಿಮ ಲೆಕ್ಕ ಕೊಡಲು ಮಾಲೀಕರಿಗೆ ಲೆಕ್ಕದ ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳ ಅವಕಾಶವಿದೆ. ವರ್ಷದ ನಡುವೆ ಬಂದವರು, ಹೋದವರು ಜರ್ಮನ್ ತೆರಿಗೆ ವಿವರ ಸಲ್ಲಿಸಿದರೆ ಎಷ್ಟೋ ಸಲ ದುಡ್ಡು ವಾಪಸ್ ಬರುತ್ತದೆ, ಏಕೆಂದರೆ ತಿಂಗಳ ಕಡಿತವನ್ನು ವರ್ಷವಿಡೀ ಅದೇ ಸಂಬಳ ಎಂದುಕೊಂಡು ಮಾಡಿರುತ್ತಾರೆ. ಆ ವರ್ಷ ಭಾರತದಲ್ಲಿ ಗಳಿಸಿದ್ದನ್ನೂ ಅದರಲ್ಲಿ ತೋರಿಸಬೇಕು, ತೆರಿಗೆ ದರ ಅದರಿಂದ ಏರಬಹುದು. ಕಡ್ಡಾಯವಿಲ್ಲದವರಿಗೆ ಸಲ್ಲಿಸಲು ನಾಲ್ಕು ವರ್ಷ ಸಮಯವಿದೆ. ಹಣ ಬೀಳುವುದು ಆ ಖಾತೆಗೇ. ಖಾತೆ ತೆರೆದಿರುವಷ್ಟು ಕಾಲ, ನಿವಾಸಿಯಾಗಿ ಸಲ್ಲಿಸುವ ಭಾರತದ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಅದನ್ನು ಬರೆಯಲೇಬೇಕು, ಅದರಲ್ಲಿ ಇಪ್ಪತ್ತು ಯೂರೋ ಇದ್ದರೂ ಸರಿ. ಆ ಪಟ್ಟಿ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ, ಹಾಗಾಗಿ ಡಿಸೆಂಬರ್ 31ರವರೆಗಿನ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ.